ಡೀಸೆಲ್ಲೇ ಬೇಕು

ಬಡಗಿಗೆ ಅಳತೆಯ ಹುಚ್ಚು. ಚಪ್ಪಲಿ ಕೊಳ್ಳೋಕೆ ಹೋದರೂ ಜೇಬಿನಿಂದ ಟೇಪು ತೆಗೆಯುವ ಆಸಾಮಿ. ಅಂಥವನು ಕಾರು ಕೊಳ್ಳಲು ಹೊರಟರೆ ಕೇಳಬೇಕೆ? ಷೋರೂಮಿನಲ್ಲಿ ಸಣ್ಣ ಎಸ್‌ಯುವಿಯ ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿ, ಅಮ್ಮನ ಗಾಲಿಕುರ್ಚಿ ಮಡಚಿದರೆ ಹಿಡಿಸುತ್ತದೋ ಇಲ್ಲವೋ ಅಂತ ಮೂರು ಮೂರು ಸಲ ಅಳೆದ. ಸೇಲ್ಸ್‌ನವನು, ಪಾಪ, ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ.

ಕಾರು ಬೇಕಾಗಿದ್ದೇ ಅಮ್ಮನಿಗಾಗಿ. ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಬೆಟ್ಟದ ಮೇಲಿನ ಊರಿನಲ್ಲಿ ಹಾಸಿಗೆ ಹಿಡಿದಿದ್ದಳು. ಸೊಂಟ ಮುರಿದಿದ್ದ ಅಮ್ಮನಿಗೆ ಬಸ್ಸು ಹತ್ತೋಕಾಗದು. "ಒಂದ್ಸಲ ಅವಳ ಮುಖ ತೋರಿಸೋ, ಸಾಕು" ಅಂದಿದ್ದಳು.

ಕಾರು ಒಂದೇ, ಎಂಜಿನ್ನು ಮೂರು ಥರ. ಹೈಬ್ರಿಡ್ಡಿನ ಬ್ಯಾಟರಿ ಡಿಕ್ಕಿಯ ಜಾಗ ತಿಂದಿತ್ತು, ಕುರ್ಚಿಗೆ ನಾಲ್ಕು ಬೆರಳು ಸಾಲದು. ಪೆಟ್ರೋಲಿನದು ನಾಳೆಯೇ ಮನೆ ಬಾಗಿಲಿಗೆ ಬರುತ್ತಿತ್ತು. ಡೀಸೆಲ್ಲಿನದಕ್ಕೆ ಹತ್ತು ವಾರ ಕಾಯಬೇಕು.

"ಪೆಟ್ರೋಲೇ ಸಾಕು ಸಾರ್" ಅಂದ ಸೇಲ್ಸ್‌ನವನು. "ನಿಮ್ಮ ಓಡಾಟ ಮನೆಯಿಂದ ವರ್ಕ್‌ಶಾಪಿಗೆ. ಅಷ್ಟಕ್ಕೆ ಡೀಸೆಲ್ ಯಾಕೆ? ಬರೀ ಹತ್ತಿರ ಹತ್ತಿರ ಓಡಿಸಿದ್ರೆ ಅದರ ಹೊಗೆ ಫಿಲ್ಟರ್ ಕಟ್ಕೊಳ್ಳುತ್ತೆ."

ನಿಜವನ್ನೇ ಹೇಳಿದ್ದ, ಪುಣ್ಯಾತ್ಮ. ಆದರೆ ನಮ್ಮ ಬಡಗಿ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ. ಇವನು ಸ್ಟಾಕ್ ಖಾಲಿ ಮಾಡೋಕೆ ನೋಡ್ತಿದ್ದಾನೆ ಅಂದುಕೊಂಡ. "ನಾಲ್ಕು ಜನ, ಕುರ್ಚಿ, ಮೇಲೆ ಬೆಟ್ಟದ ದಾರಿ. ಪೆಟ್ರೋಲು ಏದುಸಿರು ಬಿಡುತ್ತೆ. ನನಗೆ ಡೀಸೆಲ್ಲೇ ಬೇಕು."

"ಬಾಡಿಗೆ ಗಾಡಿ ಮಾಡ್ಕೊಂಡು ಹೋಗಿ ಬಂದ್ಬಿಡೋಣ ರೀ" ಅಂತ ಹೆಂಡತಿ ಎರಡು ಸಲ ಹೇಳಿದಳು.

"ಆತುರಗಾರನಿಗೆ ಬುದ್ಧಿ ಮಟ್ಟ. ನಾಲ್ಕು ದಿನ ತಾಳೇ, ನಮ್ಮದೇ ಗಾಡೀಲಿ ಅಮ್ಮನ್ನ ರಾಣಿ ಥರ ಕರ್ಕೊಂಡು ಹೋಗ್ತೀನಿ" ಅಂದ. ಅಯ್ಯೋ, ಸುಡುಗಾಡು ನಾಲ್ಕು ದಿನ! ಅಮ್ಮ ದಿನಾ ಗೇಟಿನ ಕಡೆ ನೋಡಿ "ಬಂತೇನೋ?" ಅಂತ ಕೇಳುತ್ತಿದ್ದಳು. ಇವನು "ಬರುತ್ತಮ್ಮ" ಅಂತ ವರ್ಕ್‌ಶಾಪಿಗೆ ಹೊರಡುತ್ತಿದ್ದ.

ಏಳನೇ ವಾರ, ಬೆಳಿಗ್ಗೆ ತಿಂಡಿ ತಿನ್ನುವಾಗ ದೊಡ್ಡಮ್ಮನ ಮಗ ಫೋನ್ ಮಾಡಿದ. ದೊಡ್ಡಮ್ಮ ಹೋಗಿಬಿಟ್ಟಿದ್ದಳು.

ಕೊನೆಗೆ ಬಾಡಿಗೆ ಗಾಡಿಯೇ ಗತಿಯಾಯಿತು. ಬಂದು ನಿಂತದ್ದು ಅದೇ ಸಣ್ಣ ಎಸ್‌ಯುವಿ, ಅದೇ ಪೆಟ್ರೋಲ್ ಎಂಜಿನ್ನು. ಗಾಲಿಕುರ್ಚಿ ಡಿಕ್ಕಿಯಲ್ಲಿ ಸಲೀಸಾಗಿ ಕೂತಿತು. ಗಂಡ, ಹೆಂಡತಿ, ಮಗಳು, ಅಮ್ಮ, ಡ್ರೈವರ್ ಸೇರಿ ಐದು ಜನ. ಬೆಟ್ಟದ ತಿರುವುಗಳಲ್ಲಿ ಡ್ರೈವರ್ ಆಗಾಗ ಗೇರು ಇಳಿಸಿದ, ಅಷ್ಟೇ. ಗಾಡಿ ಗೊಣಗದೆ ಏರಿತು. ಎಲ್ಲವನ್ನೂ ಅಳೆದವನು ದೊಡ್ಡಮ್ಮನಿಗೆ ಎಷ್ಟು ದಿನ ಉಳಿದಿದೆ ಅಂತ ಯೋಚಿಸಿರಲೇ ಇಲ್ಲ.

"ಅಮ್ಮಾ" ಅಂದ, ಹಿಂದಕ್ಕೆ ತಿರುಗಿ. "ಈ ಗಾಡೀನೇ ಅವತ್ತು ಸಿಗ್ತಿತ್ತು. ನಾನೇ ಬೇಡ ಅಂದೆ. ತಪ್ಪು ನನ್ನದಮ್ಮಾ."

ಅಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಹೊರಟ್ಯೇನೇ ಅಂತ ಅಕ್ಕ ದಿನಾ ಫೋನಲ್ಲಿ ಕೇಳ್ತಿದ್ದಳು ಕಣೋ" ಅಂದಳು. "ನಿನ್ನೆ ಅವಳ ದನಿ ಕೇಳಿ ಕರುಳು ಚುರುಕ್ ಅಂತು. ಹೂಂ ಕಣೇ, ದಾರೀಲಿದ್ದೀನಿ ಅಂದುಬಿಟ್ಟೆ. ರಾತ್ರಿಯೆಲ್ಲ ಬಾಗಿಲು ಹಾಕೋಕೇ ಬಿಡಲಿಲ್ಲವಂತೆ."