ಉಣಿಸಿದ ಕೈ

ಕೇರಳದ ವಡಗರದ ಭಾರ್ಗವನ್ ನಂಬಿಯಾರರ ಬದುಕನ್ನು ಸಿನಿಮಾ ಮಾಡುತ್ತಾರೆಂದಾಗ ಹೆಂಡತಿ ವಿಲಾಸಿನಿ ಹಿರಿಹಿರಿ ಹಿಗ್ಗಿದಳು. ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿಯೂ ಯಾರ ಮೇಲೂ ಕೈ ಎತ್ತದವರೆಂದು ಅವರಿಗೆ ಹೆಸರಿತ್ತು. ಬೀಡಿ ಕಟ್ಟುವ ಪವಿತ್ರನ್ ಸಾಹೇಬರ ಠಾಣೆಯಲ್ಲೇ ಸತ್ತಾಗಲೂ ವಿಚಾರಣೆಯಲ್ಲಿ ಎದೆನೋವು ಎಂದಾಯಿತು. ಊರು ಪಿಸುಗುಟ್ಟಿತು. ವಿಲಾಸಿನಿ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾಯಕನ ಪಾತ್ರದ ಬಿಜೋಯ್ ಎಂಟು ದಿನ ಅವರ ಮನೆಯಲ್ಲೇ ಉಳಿದು ಸಾಹೇಬರ ನಡಿಗೆ, ಕೆಮ್ಮು, ಗದರಿಕೆ ಎಲ್ಲ ಕಲಿತ. ಒಂದು ದಿನ ಅಡುಗೆಮನೆಗೆ ಬಂದ.

"ಅಮ್ಮಾ, ಸಾರ್ ಬರೀ ಗದರೋರೇನಾ? ಪ್ರೀತಿ ಗೀತಿ ಏನೂ ಇಲ್ವಾ?"

ವಿಲಾಸಿನಿ ನಾಚಿದಳು. "ಇಲ್ದೆ ಏನು! ಪವಿತ್ರನ್ ಸತ್ತ ದಿನ ರಿಪೋರ್ಟ್ ಬರೆದೂ ಬರೆದೂ ಬಲಗೈ ಊದಿತ್ತು. ಬೆರಳು ಮಡಚೋಕಾಗ್ತಿರ್ಲಿಲ್ಲ. ಮೀನುಸಾರು ಕಲಸಿ ನಾನೇ ಉಣಿಸ್ದೆ, ಮಗೂಗೆ ಉಣಿಸೋ ಹಾಗೆ."

ಬಿಜೋಯ್ ನಗಲಿಲ್ಲ. ಸಿನಿಮಾದವರಿಗೆ ಸಂಸಾರದ ಸುಖ ಏನು ಗೊತ್ತು ಎಂದುಕೊಂಡಳು.

ಕೋಳಿಕ್ಕೋಡಿನಲ್ಲಿ ಸಿನಿಮಾ ಬಿಡುಗಡೆಯಾದ ಮೊದಲ ದಿನ ಮಧ್ಯಾಹ್ನದ ಆಟಕ್ಕೆ ಗಂಡ ಹೆಂಡತಿ ಹೋದರು. ಸಾಹೇಬರು ಹೊಡೆಯುವ ದೃಶ್ಯ ಒಂದೂ ಇರಲಿಲ್ಲ. ನಂಬಿಯಾರ್ ಮೊದಲೇ ಹಾಗೆಂದು ಬರೆಸಿಕೊಂಡಿದ್ದರು. ತೆರೆಯ ಮೇಲೆ ಪವಿತ್ರನ ಹೆಣಕ್ಕೆ ಬಟ್ಟೆ ಹೊದಿಸಿದರು. ಮುಂದಿನ ದೃಶ್ಯದಲ್ಲಿ ಬಿಜೋಯ್ ಊಟಕ್ಕೆ ಕೂತಿದ್ದ. ಊದಿದ ಬಲಗೈ ಮೇಜಿನ ಮೇಲಿತ್ತು. ಹೆಂಡತಿಯ ಮುಖ ನೋಡದೆ, ತುತ್ತಿಗೊಮ್ಮೆ ಬಾಯಿ ತೆರೆಯುತ್ತಿದ್ದ.

ಹಿಂದಿನ ಸಾಲಿನ ಹೆಂಗಸೊಬ್ಬಳು, "ಅಯ್ಯೋ, ಆ ಕೈ ನೋಡೇ!" ಎಂದಳು.

ವಿಲಾಸಿನಿ ಪಕ್ಕದಲ್ಲಿ ಕೂತ ಗಂಡನ ಬಲಗೈ ನೋಡಿದಳು. ಬರೆದರೆ ಬೆರಳು ನೋಯಬಹುದು, ಗೆಣ್ಣಿನ ಚರ್ಮ ಸುಲಿಯುತ್ತದೆಯೇ? ಅಂದು ಸುಲಿದಿದ್ದ ಆ ಗೆಣ್ಣುಗಳಿಗೆ ಅರಿಶಿನ ಹಚ್ಚಿದವಳು ಅವಳೇ. ಕಂಡಿದ್ದಳು, ಕಾಣದವಳಂತೆ ಬದುಕಿದ್ದಳು. ನಾಚಿಕೆಯಿಂದ ಕುಗ್ಗಿಹೋದಳು.

ಮನೆಗೆ ಬಂದು ಊಟ ಬಡಿಸಿದಳು. ನಂಬಿಯಾರ್ ಎರಡು ತುತ್ತು ಉಂಡು ಕೇಳಿದರು, "ಉಣಿಸಿದ್ದನ್ನ ಅವನಿಗೆ ಹೇಳಿದ್ಯಾರು?"

"ನಾನೇ."

"ಬುದ್ಧಿ ಇದ್ಯಾ ನಿಂಗೆ?"

"ಇಷ್ಟು ದಿನ ಇರ್ಲಿಲ್ಲ. ಎಷ್ಟು ಹೊಡೆದ್ರಿ ಅವನಿಗೆ?"

ಅವರು ಇನ್ನೊಂದು ತುತ್ತು ಕಲಸಿದರು.

"ಹೇಳಿ. ಉಣಿಸಿದ ಕೈ ನಂದು, ನಂಗೆ ಗೊತ್ತಾಗ್ಬೇಕು."

ನಂಬಿಯಾರ್ ಅನ್ನದಲ್ಲಿದ್ದ ಬಲಗೈಯನ್ನು ಹಾಗೆಯೇ, ತೊಳೆಯದೆ, ಮೇಜಿನ ಕೆಳಗೆ ಇಳಿಸಿಕೊಂಡರು.