ಒರೆಸಬಾರದ ಕನ್ನಡಿ

ವಿಶ್ವವಿದ್ಯಾಲಯದ ದಾನ ವಿಭಾಗದ ಅಧಿಕಾರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಫಲಕದ ಸಾಹೇಬರು. ಯಾರು ಏನು ಕೊಟ್ಟರೂ ಅವರು ಮೊದಲು ಅಳೆಯುತ್ತಿದ್ದದ್ದು ಗೋಡೆಯನ್ನು. ಬೆಂಚು ಕೊಟ್ಟವರ ಹೆಸರು ಬೆಂಚಿನ ಬೆನ್ನಿಗೆ, ಕುಡಿಯುವ ನೀರಿನ ಯಂತ್ರ ಕೊಟ್ಟವರ ಹೆಸರು ನಲ್ಲಿಯ ನೆತ್ತಿಗೆ. ತೀರಿಹೋದ ಗಂಡನ ಟೆಲಿಸ್ಕೋಪನ್ನು ಕೊಡುತ್ತೇನೆಂದು ಹೆಂಗಸೊಬ್ಬಳು ಹೋದಾಗಲೂ ಕುರ್ಚಿ ಎಳೆದು ಕೂರಿಸಿ, ದಾನದಿಂದ ದಾನಿಗೆ ಏನೇನು ಲಾಭವೆಂದು ಪಾಠ ಒಪ್ಪಿಸಿದ್ದರು. ಹಿತ್ತಾಳೆಯ ಫಲಕ, ತೆರಿಗೆಯಲ್ಲಿ ವಿನಾಯಿತಿ, ಘಟಿಕೋತ್ಸವದಲ್ಲಿ ಮುಂದಿನ ಸಾಲು, ಬದುಕಿರುವವರೆಗೂ ಗ್ರಂಥಾಲಯದ ಕಾರ್ಡು.

ಅವಳು ಕೇಳಿದ್ದು ಒಂದೇ. ಅದನ್ನು ಭೌತವಿಜ್ಞಾನ ವಿಭಾಗದ ತಾರಸಿಯ ಮೇಲಿಡಬೇಕು, ಓದುವ ಮಕ್ಕಳು ಅದಕ್ಕೆ ಕಣ್ಣಿಟ್ಟು ನೋಡಬೇಕು. ಸಾಹೇಬರು ಆಗಲಿ ಆಗಲಿ ಎಂದು ತಲೆಯಾಡಿಸಿ, ಫಲಕದ ಅಕ್ಷರ ಕಪ್ಪಿರಲೋ ಕೆಂಪಿರಲೋ ಎಂದು ವಿಚಾರಿಸಿದ್ದರು.

ಟೆಲಿಸ್ಕೋಪಿನ ಬುಡದಲ್ಲಿ ಕೂತು ಆಕಾಶದ ಬೆಳಕು ಹಿಡಿಯುವ ಕನ್ನಡಿಯನ್ನು ಅವಳ ಗಂಡ ಕೈಯಾರೆ ತೇದಿದ್ದ. ಶಾಲೆಯ ಮೇಷ್ಟ್ರು. ಸಂಜೆ ಮನೆಗೆ ಬಂದವನೇ ಬಚ್ಚಲಿಗೆ ನುಗ್ಗಿ, ಗಾಜಿನ ಮೇಲೆ ಗಾಜಿಟ್ಟು, ನಡುವೆ ನೀರು, ಒರಟು ಪುಡಿ ಹಾಕಿ ಉಜ್ಜುತ್ತ ಕೂತರೆ ಉಳಿದವರು ಸ್ನಾನಕ್ಕೆ ಹೊರಗೆ ಕಾಯಬೇಕಿತ್ತು. ನನ್ನ ಮಗ ಕಟ್ಟಿಕೊಂಡದ್ದು ನಿನ್ನನ್ನಲ್ಲ, ಆ ಗಾಜಿನ ಬಿಲ್ಲೆಯನ್ನು ಎಂದು ಅತ್ತೆ ಬಾಗಿಲಾಚೆಯಿಂದ ಕಿಚಾಯಿಸುತ್ತಿದ್ದರು. ಕೊನೆಗೆ ಅವನು ಅದಕ್ಕೆ ಇದೇ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಅಲ್ಯೂಮಿನಿಯಂ ಲೇಪ ಹಾಕಿಸಿ ತಂದ. ಬಟ್ಟೆ ತಾಗಿದರೂ ಹಾಳಾಗುವಷ್ಟು ತೆಳುವಾದ ಲೇಪ. ಧೂಳು ಕೂತರೆ ಕೂರಲಿ, ಒರೆಸಲು ಮಾತ್ರ ಹೋಗಬೇಡಿ ಎಂದು ಅಮ್ಮನಿಗೂ ಹೆಂಡತಿಗೂ ಕಟ್ಟಪ್ಪಣೆ ಮಾಡಿದ್ದ. ತಾನು ಆ ವಿಶ್ವವಿದ್ಯಾಲಯದಲ್ಲಿ ಓದುವಾಗ ಶನಿಗ್ರಹವೆಂದರೆ ಕರಿಹಲಗೆಯ ಮೇಲಿನ ಸೀಮೆಸುಣ್ಣದ ಬಳೆಯಾಗಿತ್ತು, ಮುಂದೆ ಬರುವವರಿಗೆ ಹಾಗಾಗಬಾರದು ಎಂಬುದು ಅವನ ಹಟ.

ಅವನು ಹೋದಾಗ ಅವಳು ಅಳಲಿಲ್ಲ. ಯಾರು ಏನು ಕೇಳಿದರೂ ಹೂಂ ಎನ್ನುವಳು, ಊಟಕ್ಕೆ ಕರೆದರೆ ಬಂದು ಕೂರುವಳು. ಈ ಹುಡುಗಿಗೆ ಸಿಟ್ಟಾದರೂ ಬರಬಾರದೇ ಎಂದು ಅತ್ತೆ ಒಳಗೊಳಗೇ ಬೇಯುತ್ತಿದ್ದರು.

ಸಮಾರಂಭದ ದಿನ ಇಬ್ಬರೂ ಆಡಳಿತ ಕಚೇರಿಯ ಪಡಸಾಲೆಗೆ ಬಂದರು. ದಾನಪತ್ರಕ್ಕೆ ಸಹಿ ಆಗುವುದು, ಫೋಟೊ ತೆಗೆಯುವುದು, ಎಲ್ಲ ಅಲ್ಲಿಯೇ. ಮೊದಲೇ ಕಳಿಸಿಕೊಟ್ಟಿದ್ದ ಟೆಲಿಸ್ಕೋಪು ಗಾಜಿನ ಪೆಟ್ಟಿಗೆಯೊಳಗೆ ನಿಂತಿತ್ತು. ಪೆಟ್ಟಿಗೆಗೆ ಬೀಗ, ಮೇಲಿಂದ ದೀಪ, ಸುತ್ತ ರಿಬ್ಬನ್ನು. ತಾರಸಿಯ ಮಾತೇನಾಯಿತೆಂದು ಅವಳು ಕೇಳಿದಳು. ಹತ್ತು ಜನ ಮುಟ್ಟಿದರೆ ಮುರಿದೇ ಹೋಗುತ್ತದೆ, ಇಲ್ಲಿದ್ದರೆ ಬಂದವರೆಲ್ಲ ನೋಡುತ್ತಾರೆ, ಹೆಸರು ನೋಡಿ ಇನ್ನೊಬ್ಬರಿಗೂ ಕೊಡುವ ಮನಸ್ಸಾಗುತ್ತದೆ ಎಂದು ಸಾಹೇಬರು ಸಮಾಧಾನ ಹೇಳಿದರು.

"ಇಲ್ಲಿಂದ ಏನು ಕಾಣ್ಸುತ್ತೆ?" ಅವಳು ಕೇಳಿದಳು.

"ಜನಕ್ಕೆ ಇದು ಕಾಣ್ಸುತ್ತಲ್ಲ ಮೇಡಂ."

"ನೋಡಮ್ಮ, ಕಣ್ಣಿಗೇ ಬೀಗ ಹಾಕಿದಾರೆ," ಎಂದರು ಅತ್ತೆ.

ಅವಳು ಬಗ್ಗಿ ನೋಡಿದಳು. ಗಂಡ ಕೊಳವೆಯ ಬದಲು ತೆಳು ಸರಳುಗಳ ಚೌಕಟ್ಟು ಕಟ್ಟಿದ್ದರಿಂದ ಬುಡದ ಕನ್ನಡಿ ಹೊರಗಿನಿಂದಲೇ ಕಾಣುತ್ತಿತ್ತು. ಅದರ ತುಂಬ ಸುತ್ತುಸುತ್ತಾಗಿ ಗೀರು. ನಡುನಡುವೆ ಲೇಪ ಕಿತ್ತುಹೋಗಿ ಬರಿ ಗಾಜು ಇಣುಕುತ್ತಿತ್ತು. ಅವಳ ಮುಖ ನೋಡಿದ ಅಟೆಂಡರು, ಕನ್ನಡಿ ಮಂಕಾಗಿತ್ತು, ದೊಡ್ಡವರು ಬರುವ ದಿನ ಹೊಳೆಯಲಿ ಎಂದು ಸಾಹೇಬರೇ ಹೇಳಿದ್ದಕ್ಕೆ ತಿಕ್ಕಿದೆ ಎಂದ. ಯಾವುದರಿಂದ ಎಂದರೆ, ದಿನಾ ಫಲಕ ಉಜ್ಜುವ ಹಿತ್ತಾಳೆ ಪಾಲಿಶಿನಿಂದ.

ಹಿಂದೆಯೇ ನಿಂತಿದ್ದ ಭೌತವಿಜ್ಞಾನದ ಮೇಡಂ ಅಯ್ಯೋ ಎಂದು ಬಾಯಿಗೆ ಕೈಯಿಟ್ಟುಕೊಂಡರು. ಸಾಹೇಬರಿಗೆ ಇನ್ನೂ ಅರ್ಥವಾಗಿರಲಿಲ್ಲ. ಮೊದಲಿಗಿಂತ ಚೆನ್ನಾಗಿ ಹೊಳೆಯುತ್ತಿದೆಯಲ್ಲ ಎಂದರು.

ಅಷ್ಟರಲ್ಲಿ ಕುಲಪತಿಗಳು ಬಂದರು, ಅತಿಥಿಗಳು ಕೂತರು, ಯಾರೋ ಅವಳ ಮುಂದೆ ದಾನಪತ್ರವನ್ನೂ ಪೆನ್ನನ್ನೂ ಇಟ್ಟರು. ಅವಳು ಪೆನ್ನನ್ನು ಮೇಜಿನಾಚೆಗೆ ತಳ್ಳಿದಳು. ಫೋಟೊ ಆದ ಮೇಲೆ ಕೂತು ಮಾತಾಡೋಣ ಎಂದು ಸಾಹೇಬರು ಕಿವಿಯ ಹತ್ತಿರ ಬಂದು ಹಲ್ಲು ಗಿಂಜಿದರು.

"ಈಗಲೇ ಮಾತಾಡ್ತೀನಿ," ಎಂದು ಕುಲಪತಿಗಳ ಕಡೆ ತಿರುಗಿದಳು. ಅವಳ ದನಿ ಅಷ್ಟು ದೊಡ್ಡದೆಂದು ಅತ್ತೆಗೂ ಗೊತ್ತಿರಲಿಲ್ಲ. "ಕೊಟ್ಟೋರಿಗೆ ಏನು ಲಾಭ ಅಂತ ನಿಮ್ಮ ಸಾಹೇಬರು ಚೆನ್ನಾಗಿ ಹೇಳಿಕೊಟ್ರು ಸರ್. ತಗೊಂಡ ಮಕ್ಕಳಿಗೇನು ಅಂತ ಒಂದು ಮಾತು ಹೇಳಲಿಲ್ಲ. ಇದರಲ್ಲಿ ಒಂದು ಮಗು ಶನಿಯ ಬಳೆ ನೋಡಿದ್ರೆ ಅದೇ ನನ್ನ ಲಾಭ. ಅದಕ್ಕೇ ಕೊಡೋಕೆ ಬಂದೆ. ನೀವು ಅದನ್ನೇ ತಿಕ್ಕಿ ಹಾಕಿದ್ರಿ."

ಕುಲಪತಿಗಳು ಸಾಹೇಬರ ಕಡೆ ನೋಡಿದರು. ಉದ್ದೇಶ ಒಳ್ಳೆಯದೇ ಇತ್ತು, ಬೇಕಾದರೆ ಫಲಕವನ್ನು ಇನ್ನೂ ದೊಡ್ಡದು ಮಾಡಿಸೋಣ ಎಂದು ಸಾಹೇಬರು ತೊದಲಿದರು.

"ಹೆಸರು ಬೇಕಾಗಿದ್ರೆ ಅಂಗಡಿಲಿ ಬೋರ್ಡು ಬರೆಸ್ತಿದ್ವಿ ಕಣಪ್ಪ," ಎಂದರು ಅತ್ತೆ.

ಹಿಂದಿನ ಸಾಲಿನ ವಿದ್ಯಾರ್ಥಿಗಳು ಕಿಸಕ್ಕೆಂದರು. ಆಗ ಭೌತವಿಜ್ಞಾನದ ಮೇಡಂ ಮುಂದೆ ಬಂದರು. ಹೋಗಿದ್ದು ಲೇಪ, ಒಳಗಿನ ಗಾಜಿನ ಆಕಾರಕ್ಕೆ ಪೆಟ್ಟಾದಂತಿಲ್ಲ ಎಂದರು. ಹಳೆಯ ಲೇಪವನ್ನು ಕರಗಿಸಿ ಹೊಸದು ಹಾಕುವ ಯಂತ್ರ ತಮ್ಮ ಪ್ರಯೋಗಾಲಯದಲ್ಲಿದೆ, ಹಾಕಿಸುವ ಕೆಲಸವೇ ಬರದೆ ಅದು ಸುಮ್ಮನೆ ಕೂತಿದೆ, ಈ ನೆಪದಲ್ಲಿ ಮಕ್ಕಳು ಅದನ್ನೂ ಕಲಿತಾರು.

ಹಾಗಾದರೆ ಹಾಕಿ ಎಂದಳು ಅವಳು. ತಾರಸಿಗೆ ಏರಿಸಿ, ಮೊದಲು ಒಂದು ಮಗು ನೋಡಲಿ, ಆಮೇಲೆ ನನ್ನನ್ನು ಕರೆಯಿರಿ, ಸಹಿ ಅಲ್ಲಿಯೇ ಹಾಕುತ್ತೇನೆ. ಅಲ್ಲಿಯವರೆಗೆ ಇದು ನಮ್ಮ ಮನೆಯ ವಸ್ತು. ಕುಲಪತಿಗಳು ಬೀಗ ತೆಗೆಯಲು ಹೇಳಿದರು. ಸಾಹೇಬರು ಜೇಬೆಲ್ಲ ತಡಕಾಡಿ ಕೀಲಿ ಕೊಟ್ಟರು.

ವಿದ್ಯಾರ್ಥಿಗಳು ಕನ್ನಡಿಯನ್ನು ಅದನ್ನು ಕೂರಿಸಿದ್ದ ತಟ್ಟೆ ಸಮೇತ ಎತ್ತಿಕೊಂಡರು. ಅಂಚು ಮಾತ್ರ ಹಿಡೀರಿ ಎಂದು ಅವಳು ಗದರಿದಳು. ಹೊರಗೆ ಬಂದಾಗ ಅತ್ತೆ, ಇನ್ನು ಮನೆಗೆ ಹೋಗೋಣವೇ ಎಂದು ಮೆಲ್ಲಗೆ ಕೇಳಿದರು.

"ನೀವು ಹೋಗಿರಿ ಅತ್ತೆ. ಇವರನ್ನ ನಂಬಿ ಬಿಟ್ಟು ಬರಲ್ಲ ನಾನು."

ಅವಳು ವಿದ್ಯಾರ್ಥಿಗಳ ಹಿಂದೆಯೇ ಪ್ರಯೋಗಾಲಯದ ಮೆಟ್ಟಿಲು ಹತ್ತಿದಳು. ಅತ್ತೆ ಸೆರಗು ಸಿಕ್ಕಿಸಿಕೊಂಡು ತಾವೂ ಹತ್ತತೊಡಗಿದರು.