ಟೂನಿಸ್ ಕೇಳದ ಕ್ಷಮೆ

"ಈ ಸಾಲು ಹೊಡೆದುಹಾಕಿ," ಎಂದು ಹಿಲ್ಕೆ ಕಾಗದವನ್ನು ಪಾದ್ರಿಯ ಕಡೆಗೆ ತಿರುಗಿಸಿ ಬೆರಳೂರಿದಳು.

ಗೋಡೆಯಾಚೆ ಚರ್ಚಿನಲ್ಲಿ ಆರ್ಗನ್ ಶುರುವಾಗಿತ್ತು. ಅಲ್ಲಿ ಶವಪೆಟ್ಟಿಗೆಯೊಳಗೆ ಅವಳ ಅಜ್ಜ ಟೂನಿಸ್, ಎಂಬತ್ತಮೂರು ವರ್ಷದವನು, ತನಗೆ ಕಂಡರಾಗದ ಟೈ ಕಟ್ಟಿಸಿಕೊಂಡು ಮಲಗಿದ್ದ.

ಹೊಸದಾಗಿ ಬಂದ ಪಾದ್ರಿ ಕಾಗದ ನೋಡಿದ. ಸತ್ತವನ ಬಗ್ಗೆ ಅವನು ಓದಬೇಕಿದ್ದ ಮಾತುಗಳು. ಬರೆದದ್ದು ಅವನಲ್ಲ, ಚರ್ಚಿನ ಸಭೆಯ ಹಿರಿಯ ಬಾರೆಂಡ್. 'ಕೊನೆಗಾಲದಲ್ಲಿ ತಮ್ಮ ತಪ್ಪಿಗೆ ಪಶ್ಚಾತ್ತಾಪಪಟ್ಟು ಸಭೆಯೊಂದಿಗೆ ಒಂದಾದರು.'

"ಯಾವತ್ತು ಪಟ್ಟರು?" ಎಂದಳು ಹಿಲ್ಕೆ. "ಕೊನೇ ಹನ್ನೊಂದು ದಿನ ಆಸ್ಪತ್ರೇಲಿ ಪಕ್ಕದಲ್ಲಿದ್ದೋಳು ನಾನು. ಸೂಪಿಗೆ ಉಪ್ಪಿಲ್ಲ ಅಂತ ಬೈದ್ರು. ಈರುಳ್ಳಿ ಬೆಳೆಯೋದು ಹೇಗೆ ಅಂತ ನರ್ಸಿಗೆ ಪಾಠ ಹೇಳಿದ್ರು. ಪಶ್ಚಾತ್ತಾಪದ ಸುದ್ದೀನೇ ಎತ್ತಲಿಲ್ಲ."

ಬಾರೆಂಡ್ ಕೋಟಿನ ಗುಂಡಿ ಹಾಕಿಕೊಳ್ಳುತ್ತ ನಿಂತಿದ್ದ. ಹಾಲೆಂಡಿನಿಂದ ಟೂನಿಸನ ಜೊತೆ ಒಂದೇ ಹಡಗಿನಲ್ಲಿ ಕೆನಡಾಕ್ಕೆ ಬಂದವನು. "ನೋಡಮ್ಮ, ನಿಮ್ಮ ಮನೆ ಮರ್ಯಾದೆಗೇ ಬರೆದಿದ್ದು. ಒಂದೇ ಒಂದು ಸಾಲು. ಸತ್ತೋರಿಗೆ ಏನು ನಷ್ಟ?"

"ಸತ್ತೋರು ಎದ್ದು ಜಗಳ ಆಡಲ್ಲ ಅಂತ ತಾನೇ ಇವತ್ತು ಬರೆದಿರೋದು?"

"ನಿಮ್ಮ ಅಜ್ಜಿ ಏನಂತಾರೋ ಕೇಳೋಣ," ಎಂದ ಪಾದ್ರಿ.

ಅಜ್ಜಿ ಡೀನಾ ಕಿಟಕಿಯ ಬಳಿ, ಕರಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ಹೊತ್ತಾಯ್ತು, ನಡೀರಿ," ಅಂದಳಷ್ಟೇ.



*

ಮೂವತ್ತೆಂಟು ವರ್ಷದ ಹಿಂದೆ, ಸೆಪ್ಟೆಂಬರಿನ ಕೊನೆಯ ಭಾನುವಾರ. ಪಕ್ಕದ ಹೊಲದ, ಉಕ್ರೇನಿನವಳಾದ ಓಲ್ಹಾಳ ಗಂಡನನ್ನು ಶುಕ್ರವಾರವಷ್ಟೇ ಮಣ್ಣು ಮಾಡಿದ್ದರು. ಕಿತ್ತು ಒಣಗಲು ಬಿಟ್ಟ ಅವಳ ಈರುಳ್ಳಿ ನಾಲ್ಕೆಕರೆ ತುಂಬ ಸಾಲುಸಾಲಾಗಿ ಬಿದ್ದಿತ್ತು. ಸಂಜೆಯಿಂದ ಮೂರು ದಿನ ಮಳೆ ಎಂದಿತು ರೇಡಿಯೋ. ಟೂನಿಸ್ ಚರ್ಚಿಗೆಂದು ಹಾಕಿಕೊಂಡ ಅಂಗಿಯಲ್ಲೇ ಟ್ರ್ಯಾಕ್ಟರ್ ಹತ್ತಿದ.

ಪ್ರಾರ್ಥನೆ ಮುಗಿಸಿ ಬರುತ್ತಿದ್ದ ಕಾರುಗಳೆಲ್ಲ ಕಾಲುವೆಯ ದಾರಿಯಲ್ಲಿ ನಿಧಾನ ಮಾಡಿ ನೋಡಿದವು. ಅವನು ಒಂದೊಂದಕ್ಕೂ ಟೋಪಿ ಎತ್ತಿದ. ಸಭೆಯಲ್ಲಿ ನಿಷಿದ್ಧವಾದ ಭಾನುವಾರದ ಕೆಲಸಕ್ಕಿಂತ ಆ ಟೋಪಿಯೇ ಅವರನ್ನು ಹೆಚ್ಚು ಉರಿಸಿತು.

ಮಂಗಳವಾರ ಹಿರಿಯರು ಮೂವರು ಮನೆಗೆ ಬಂದರು.

"ತಪ್ಪಾಯ್ತು ಅನ್ನು ಟೂನಿಸ್," ಎಂದ ಬಾರೆಂಡ್. "ಒಂದು ಮಾತು. ಅಲ್ಲಿಗೆ ಮುಗೀತು."

"ಬಾವಿಗೆ ಬಿದ್ದ ಎತ್ತನ್ನ ನೀನು ಸೋಮವಾರ ಎತ್ತು ಮಾರಾಯ. ನಾನು ಭಾನುವಾರಾನೇ ಎತ್ತೋನು."

"ನಮ್ಮ ಸಭೆಯೋರು ಜೊತೆಗೆ ಯಾರಿದ್ರು?"

"ನಾನೊಬ್ಬನೇ. ಬರ್ಕೋ. ಕಾಫಿ ಕುಡಿದು ಹೋಗು."

ಅಂದಿನಿಂದ ಅವನಿಗೆ ಚರ್ಚಿನಲ್ಲಿ ಪ್ರಭುಭೋಜನದ ರೊಟ್ಟಿಯೂ ಇಲ್ಲ, ದ್ರಾಕ್ಷಾರಸದ ಬಟ್ಟಲೂ ಇಲ್ಲ. ಬೇರೆಯವರಾಗಿದ್ದರೆ ಇನ್ನೊಂದು ಚರ್ಚು ನೋಡಿಕೊಳ್ಳುತ್ತಿದ್ದರು. ಟೂನಿಸ್ ಒಂದು ಭಾನುವಾರವೂ ತಪ್ಪಿಸಲಿಲ್ಲ. ರೊಟ್ಟಿಯ ತಟ್ಟೆ ತನ್ನ ಮೂಗಿನ ಮುಂದೆಯೇ ದಾಟಿ ಹೆಂಡತಿಯ ಕೈಗೆ ಹೋಗುವುದನ್ನು ಸೆಟೆದು ಕೂತು ನೋಡುತ್ತಿದ್ದ.

"ಓಪಾ, ನಿಮಗೆ ಬೇಜಾರಾಗಲ್ವಾ?" ಎಂದು ಚಿಕ್ಕಂದಿನಲ್ಲಿ ಹಿಲ್ಕೆ ಅಜ್ಜನನ್ನು ಕೇಳಿದ್ದಳು.

"ಬೇಜಾರು ಅವರಿಗಾಗ್ಬೇಕು ಕಣೇ. ನಾನು ಬರೋದೇ ಅದಕ್ಕೆ."

*

ಪಾದ್ರಿ ಓದುತ್ತಿದ್ದ. ಹಡಗು ಬಂತು, ಜೌಗು ನೆಲ ಬಂತು, ಮಕ್ಕಳು ಮೊಮ್ಮಕ್ಕಳು ಬಂದರು. ಆ ಸಾಲಿಗೆ ಬಂದಾಗ ತಡವರಿಸಿದ, ಬಾರೆಂಡನ ಕಡೆ ನೋಡಿದ, ಓದಿಯೇಬಿಟ್ಟ.

"ಇಲ್ಲ."

ಹಿಲ್ಕೆ ಬಾಯಿ ತೆರೆಯುವ ಮೊದಲೇ ಅಜ್ಜಿ ಎದ್ದು ನಿಂತಿದ್ದಳು.

"ಇಲ್ಲ ಪಾದ್ರಿಗಳೇ, ಅದು ಸುಳ್ಳು. ದೇವರ ಮನೇಲಿ, ಹೆಣದ ಮುಂದೆ ಸುಳ್ಳು ಓದಬೇಡಿ."

"ಡೀನಾ, ಕೂತ್ಕೋ," ಎಂದ ಬಾರೆಂಡ್ ಮೆಲ್ಲಗೆ.

"ಮೂವತ್ತೆಂಟು ವರ್ಷ ಕೂತೇ ಇದ್ನಲ್ಲ ಬಾರೆಂಡ್. ಅವತ್ತು ಟ್ರ್ಯಾಕ್ಟರ್ ಓಡಿಸಿದ್ದು ಅವನು. ಬಗ್ಗಿ ಈರುಳ್ಳಿ ಆರಿಸಿ ಚೀಲಕ್ಕೆ ತುಂಬಿದ್ದು ನಾನು. ತಲೆಗೆ ಓಲ್ಹಾಳ ಬಟ್ಟೆ ಕಟ್ಟಿದ್ದೆ, ನೀವು ಅವರ ಕಡೆಯೋಳು ಅಂದ್ಕೊಂಡ್ರಿ. ಮನೆಗೆ ಬಂದು ಕೇಳಿದಾಗ ಅವನು 'ನಾನೊಬ್ಬನೇ' ಅಂದ. ನಾನು ಅಡುಗೆಮನೇಲಿ ಕಾಫಿ ಸೋಸ್ತಾ ಬಾಯಿ ಮುಚ್ಕೊಂಡಿದ್ದೆ. ಆಮೇಲೆ ಅವನ ಪಕ್ಕದಲ್ಲೇ ಕೂತು ರೊಟ್ಟಿ ತಿಂದೆ."

ಅವಳು ಪಾದ್ರಿಯ ಕಡೆ ತಿರುಗಿದಳು.

"ಅವನು ಪಶ್ಚಾತ್ತಾಪ ಪಡಲಿಲ್ಲ. ನಾನು ಪಟ್ಟಿದ್ದೀನಿ. ಆ ಭಾನುವಾರಕ್ಕಲ್ಲ, ಮಂಗಳವಾರಕ್ಕೆ. ಈಗ ಮುಂದೆ ಓದಿ."

ಪಾದ್ರಿ ಜೇಬಿನಿಂದ ಪೆನ್ನು ತೆಗೆದು, ಎಲ್ಲರೂ ನೋಡುತ್ತಿದ್ದಂತೆ ಆ ಸಾಲಿಗೆ ಅಡ್ಡಗೆರೆ ಎಳೆದ.

*

ಹೊರಗೆ, ಗುಂಡಿಯ ಪಕ್ಕದ ಮಣ್ಣಿನ ರಾಶಿಗೆ ಹಸಿರು ಕಾರ್ಪೆಟ್ ಹೊದಿಸಿದ್ದರು. ಪೆಟ್ಟಿಗೆ ಇಳಿಸಿ, ಒಂದೊಂದು ಹೂ ಹಾಕಿ ಜನ ಕಾರುಗಳತ್ತ ತಿರುಗಿದರು. ಮಣ್ಣು ಮುಚ್ಚುವುದು ಆಮೇಲೆ, ಯಂತ್ರದ ಕೆಲಸ.

ಅಜ್ಜಿ ಕದಲಲಿಲ್ಲ. ಕೈಚೀಲವನ್ನು ಹುಲ್ಲಿನ ಮೇಲಿಟ್ಟು, ಕಾರ್ಪೆಟ್ಟಿನ ಅಂಚು ಹಿಡಿದು ದರದರ ಎಳೆದಳು. ಮರಕ್ಕೆ ಒರಗಿಸಿದ್ದ ಸಲಿಕೆ ತಂದಳು.

"ಡೀನಾ, ಅದಕ್ಕೆ ಆಳುಗಳಿದ್ದಾರೆ," ಬಾರೆಂಡ್ ಸಲಿಕೆಗೆ ಕೈ ಚಾಚಿದ. "ಎಲ್ಲರಿಗೂ ಇಟ್ಟಿರೋ ಕಾಫಿ ಆರಿಹೋಗುತ್ತೆ."

"ಆರಲಿ."

ಮೊದಲ ಹೆಂಟೆ ಪೆಟ್ಟಿಗೆಯ ಮೇಲೆ ದಡ್ಡೆಂದು ಬಿತ್ತು. ಕಾರಿನ ಬಾಗಿಲು ತೆರೆದವರು ಹಾಗೆಯೇ ನಿಂತರು. ಇನ್ನೊಂದು ಸಲಿಕೆ ಹಿಡಿದು ಹಿಲ್ಕೆ ಎದುರಿಗೆ ಬಂದಾಗ ಅಜ್ಜಿ ತಲೆ ಎತ್ತದೆ, "ಆ ಕಡೆಯಿಂದ ಹಾಕು, ನನ್ನ ಕಾಲ ಮೇಲೆ ಹಾಕಬೇಡ," ಅಂದಳು. ಬಾರೆಂಡ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಒಂಬತ್ತನೆಯ ಸಲ ಎತ್ತುವಾಗ ಅಜ್ಜಿಯ ಕಪ್ಪು ಕೋಟಿನ ಹೊಲಿಗೆ ಕಂಕುಳಲ್ಲಿ ಪರ್ರನೆ ಬಿಟ್ಟುಕೊಂಡಿತು. ಅವಳು ಅದನ್ನು ನೋಡಲೂ ಇಲ್ಲ. ಹತ್ತನೆಯದಕ್ಕೆ ಬಗ್ಗಿದಳು.